ಸೀಟಿ ಮೇಜಿನ ಮೇಲಿಟ್ಟ ಮೇಷ್ಟ್ರು

ಮೇಷ್ಟ್ರ ಬಲಗೈ ತೋರುಬೆರಳು ಸೊಟ್ಟಗಿತ್ತು. ಎಂದೋ ಚೆಂಡು ಬಡಿದು ಮುರಿದದ್ದು ನೆಟ್ಟಗೆ ಕೂಡಿಕೊಂಡಿರಲಿಲ್ಲ. ಅವರು ಬೆರಳು ತೋರಿಸಿ ಫೌಲ್ ಕೊಟ್ಟರೆ, ಯಾರಿಗೆಂದು ತಿಳಿಯದೆ ಇಬ್ಬರು ಕೈ ಎತ್ತುತ್ತಿದ್ದರು.

ಯಶವಂತಪುರದ ಶಾಲೆಯೊಂದರಲ್ಲಿ ಡ್ರಿಲ್ ಮೇಷ್ಟ್ರಾಗಿದ್ದರು. ಭಾನುವಾರ ಬಂದರೆ ಬ್ಯಾಸ್ಕೆಟ್‌ಬಾಲ್ ರೆಫರಿ. ಮಣ್ಣಿನ ಕೋರ್ಟಿಗೆ ಸುಣ್ಣದ ಗೆರೆಯನ್ನೂ ತಾವೇ ಎಳೆಯುವರು. ಪಂದ್ಯ ಮುಗಿಯುವ ತನಕ ಯಾರ ಕೈಯಿಂದಲೂ ಒಂದು ಲೋಟ ಟೀ ಮುಟ್ಟುತ್ತಿರಲಿಲ್ಲ. ಅಷ್ಟು ಮಡಿ.

ಅರವತ್ತರ ದಶಕದ ಶುರುವಿನಲ್ಲಿ ನಾನು ಯಲಹಂಕದ ಟೀಮಿನ ಕ್ಯಾಪ್ಟನ್. ಒಮ್ಮೆ ನಾವು ಐದೇ ಜನ ಹೋಗಿದ್ದೆವು, ಬದಲಿಗೆ ಯಾರೂ ಇರಲಿಲ್ಲ. ಐದೈದು ಫೌಲಾಗಿ ಒಬ್ಬೊಬ್ಬರೇ ಹೊರಬಿದ್ದರು. ಇಬ್ಬರೇ ಉಳಿದರೂ ಆಟ ನಡೆಯಿತು. ಮತ್ತೊಬ್ಬನೂ ಹೋಗಿ ನಾನೊಬ್ಬನೇ ಉಳಿದಾಗ ಮೇಷ್ಟ್ರು ಸೀಟಿ ಊದಿ ನಾವು ಸೋತೆವೆಂದರು. ಮೂರು ಪಾಯಿಂಟು ಮುಂದಿದ್ದೆವು, ಎರಡೇ ನಿಮಿಷ ಬಾಕಿ ಇತ್ತು. ನಾನು ಜಗಳಕ್ಕೇ ಹೋದೆ.

"ಚೆಂಡು ಆಚೆ ಹೋದ್ರೆ ಒಳಗೆ ಯಾರಿಗೆ ಎಸೀತೀಯಪ್ಪಾ? ನಿನಗೆ ನೀನೇನಾ?" ಎಂದರು.

ವರ್ಷವಿಡೀ ಅವರನ್ನು ಬೈದುಕೊಂಡೆ.

ಮರುವರ್ಷ ಫೈನಲಿಗೆ ಬಂದೆವು. ಅಷ್ಟರಲ್ಲಿ ನನ್ನ ತಂದೆ ತೀರಿಕೊಂಡಿದ್ದರು, ಮನೆಯಲ್ಲಿ ದುಡಿಯುವವರಿರಲಿಲ್ಲ. ಚೆನ್ನಾಗಿ ಆಡಿದವರಿಗೆ ಕೆಲಸ ಕೊಡಲು ಕಾರ್ಖಾನೆಯೊಂದರ ಅಧಿಕಾರಿ ಬಂದು ಕೂತಿದ್ದರು. ಎದುರಾಳಿ ಪಂದ್ಯಾವಳಿಯ ಅಧ್ಯಕ್ಷರದೇ ಟೀಮು. ಅವರಲ್ಲಿ ಬಂದದ್ದು ನಾಲ್ಕೇ ಜನ. ಮೇಷ್ಟ್ರು ಗಡಿಯಾರ ನೋಡುತ್ತ ಹದಿನೈದು ನಿಮಿಷ ಕಾದರು.

"ಸಾಹೇಬ್ರು ಕಾಯ್ತಾ ಇದಾರೆ. ನಾಲ್ಕೇ ಜನ ಆಡ್ಲಿ, ಶುರು ಮಾಡ್ರೀ," ಎಂದರು ಅಧ್ಯಕ್ಷರು.

"ಆಮೇಲೆ ಇಬ್ರಾದ್ರೂ ಆಡ್ಬೋದು ಸ್ವಾಮಿ. ಶುರು ಮಾಡೋಕೆ ಐದು ಜನ ಇರ್ಲೇಬೇಕು."

"ಆ ಹುಡುಗ್ರೇ ಒಪ್ಪಿದ್ರೆ ನಿಮಗೇನ್ರೀ ಕಷ್ಟ?"

ಮೇಷ್ಟ್ರು ನನ್ನ ಕಡೆ ತಿರುಗಿದರು. "ನೀನೇ ಹೇಳಪ್ಪಾ. ನಿನಗೆ ರೂಲ್ ಗೊತ್ತಲ್ಲ."

ಆಡುವುದಿಲ್ಲ ಎಂದಿದ್ದರೆ ಕಪ್ಪು ನಮ್ಮದೇ ಆಗುತ್ತಿತ್ತು, ಮೇಷ್ಟ್ರ ಮಾತೂ ಉಳಿಯುತ್ತಿತ್ತು. ಆದರೆ ಆಡದವನನ್ನು ಅಧಿಕಾರಿ ಆರಿಸುವುದು ಹೇಗೆ? ನಾನು ಅಧ್ಯಕ್ಷರ ಮುಖ ನೋಡಿ, "ಆಡ್ತೀವಿ ಸಾರ್," ಎಂದೆ.

ಮೇಷ್ಟ್ರು ಕೊರಳಿನ ಸೀಟಿ ತೆಗೆದು ಮೇಜಿನ ಮೇಲಿಟ್ಟು, ಸೈಕಲ್ ತಳ್ಳಿಕೊಂಡು ಹೋದರು. ಅದೇ ಸೀಟಿಯನ್ನು ಇನ್ಯಾರೋ ಊದಿದರು. ನಾಲ್ವರ ಎದುರು ಐವರಾಗಿ ನಾನು ಮನಸೋ ಇಚ್ಛೆ ಬ್ಯಾಸ್ಕೆಟ್ ಹಾಕಿದೆ. ಕೆಲಸವೂ ಸಿಕ್ಕಿತು. ಮೇಷ್ಟ್ರನ್ನು ಆಮೇಲೆ ಯಾರೂ ರೆಫರಿಯಾಗಲು ಕರೆಯಲಿಲ್ಲ. ಯಾಕೆಂದು ಅಷ್ಟು ಜನರಲ್ಲಿ ಒಬ್ಬನೂ ಕೇಳಲಿಲ್ಲ, ನಾನಂತೂ ಕೇಳಲಿಲ್ಲ.

ಒಮ್ಮೆ ಯಶವಂತಪುರದ ಮಾರ್ಕೆಟ್ಟಿನಲ್ಲಿ ಎದುರಾದರು. "ಕೆಲಸ ಪರ್ಮನೆಂಟ್ ಆಯ್ತೇನಪ್ಪಾ?" ಎಂದರು.

"ಆಯ್ತು ಸಾರ್."

"ಒಳ್ಳೇದಾಯ್ತು ಬಿಡು."

ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ನನಗೆ ಆ ಪುಣ್ಯವನ್ನೂ ಅವರು ಕೊಡಲಿಲ್ಲ.

ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡರು, ಸುದ್ದಿ ಆ ದಿನವೇ ಬಂತು. ಶಿಫ್ಟ್ ಇದೆ ಎಂದು ಹೇಳಿ ನಾನು ಹೋಗಲಿಲ್ಲ. ಶಿಫ್ಟ್ ಇರಲಿಲ್ಲ.

ನಿವೃತ್ತಿಯ ದಿನ ಕಾರ್ಖಾನೆಯಲ್ಲಿ ಶಾಲು ಹೊದಿಸಿ, ನಿಮ್ಮನ್ನು ಇಲ್ಲಿಗೆ ತಂದವರ ಬಗ್ಗೆ ಎರಡು ಮಾತಾಡಿ ಎಂದರು. ನಾನು ಎದ್ದು ನಿಂತು, ಆವತ್ತು ಕುರ್ಚಿಯಲ್ಲಿ ಕೂತಿದ್ದ ಆ ಅಧಿಕಾರಿಯ ಹೆಸರು ಹೇಳಿದೆ.