ಹಿಂದಿನ ನಳಿಕೆಯ ಕುಂಕುಮ

ಆ ಕಲೆ ಬಿಸಿಗಾಳಿಯದಲ್ಲ, ಪರಮೇಶ್ವರಪ್ಪ ಸರ್ — ಕುಂಕುಮದ್ದು. ಹಚ್ಚಿದವಳು ನಮ್ಮವ್ವ, ಮುಚ್ಚಿಟ್ಟವಳು ನಾನು.

ಕೆಲವು ವರ್ಷಗಳ ಹಿಂದೆ ಹೊನ್ನಾಳಿಯ ನಮ್ಮ ಕಾಲೇಜಿನ ಅಂಗಳಕ್ಕೆ ಆ ನಿವೃತ್ತ ಯುದ್ಧವಿಮಾನ ಬಂದಾಗ, ನೌಕಾಪಡೆಯಲ್ಲಿ ಅಂಥವುಗಳದೇ ಎಂಜಿನ್ ನೋಡಿಕೊಂಡಿದ್ದ ತಮ್ಮನ್ನು ಅದರ ಪಾಲನೆಗೆ ಕರೆಸಿದರು. ನಾನು ತಮ್ಮ ಸಹಾಯಕಿಯಾದೆ — ನಮ್ಮ ಮನೆತನದ ಮೊದಲ ಪದವೀಧರೆ. ರನ್‌ವೇ ಇಲ್ಲದೆ ಏಳುವ, ಇಳಿಯುವ ಜೆಟ್ ಕಟ್ಟಲು ಹೊರಟು ಎಷ್ಟೋ ದೇಶಗಳು ಕೈಚೆಲ್ಲಿದವೆಂದೂ, ಗೆದ್ದ ಕೆಲವೇ ವಿಮಾನಗಳ ಪೈಕಿ ಇದೂ ಒಂದೆಂದೂ ಕಲಿಸಿದವರು ತಾವು. ಎಂಜಿನ್ನಿನ ಗಾಳಿ ಹೊರನುಗ್ಗುವ ನಾಲ್ಕು ನಳಿಕೆಗಳನ್ನು ಕೆಳಕ್ಕೆ ತಿರುಗಿಸಿದರಾಯಿತು — "ಕಂಬದ ಮ್ಯಾಲೆ ಕಾಗಿ ಕುಂತಂಗೆ ಹಡಗಿನ ಮ್ಯಾಲೆ ಕುಂತ್ಕಂತಿತ್ತು ಕಣಮ್ಮ!" ಆಮೇಲೆ ಬೆರಳೆತ್ತಿ ಎಚ್ಚರಿಸಿದ್ದಿರಿ: "ನನ್ನ ಕೇಳ್ದೆ ಇದಕ್ಕೆ ಒದ್ದೆ ಬಟ್ಟೆನೂ ತಗುಲಿಸಬ್ಯಾಡ."

ಆ ವರ್ಷ ಆಯುಧಪೂಜೆಗೆ ತಾವು ಚನ್ನಗಿರಿಯ ಮಗಳ ಮನೆಗೆ ಹೋಗಿದ್ದಿರಿ. ನಮ್ಮೂರು ಸೊಕ್ಕೆಯಿಂದ ಅವ್ವ ಬಂದಿದ್ದಳು. "ಟ್ರ್ಯಾಕ್ಟ್ರಿಗೆ ಮಾಡ್ತೀವಿ, ಹೊಲಿಗಿ ಮಿಷಿನ್ನಿಗೂ ಮಾಡ್ತೀವಿ. ಪಾಪ, ಹಾರಾಕೆ ಬರಲ್ಲ ಅಂತ ಇದಕ್ಕೆ ಕುಂಕುಮನೂ ಇಲ್ವೇನೇ?" ನಾನು ತಡೆಯಬೇಕಿತ್ತು. ತಡೆಯುವುದಿರಲಿ — ಏಣಿ ಹಿಡಿದೆ. ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಹಿಂದಿನ ನಳಿಕೆಯ ಪಕ್ಕದಲ್ಲಿ ಅಂಗೈಯಗಲ ಬಳಿದಳು. ಮುಂದಿನ ಚಕ್ರದಡಿ ನಿಂಬೆಹಣ್ಣನ್ನೂ ಇಟ್ಟಳು; ನಿಂತಲ್ಲೇ ನಿಂತ ವಿಮಾನ ಎಲ್ಲಿಗೆ ಹೊರಟಿತ್ತೋ!

ಮರುದಿನ ಉಜ್ಜಿದೆ, ಸೀಮೆಎಣ್ಣೆ ಹಾಕಿ ಮತ್ತೆ ಉಜ್ಜಿದೆ. ಕೆಂಪು ಹೋಯಿತು, ಜೊತೆಗೆ ಹಳೆಯ ಬಣ್ಣದ ಪದರವೂ — ಉಳಿದದ್ದೊಂದು ಕಂದು ಕಲೆ. ತಾವು ಬಂದು ಕಂಡಿರಿ. ನಾನು ಬಾಯಿ ಬಿಡುವಷ್ಟರಲ್ಲೇ ತಮ್ಮ ಮುಖ ಅರಳಿತು.

"ನೋಡಮ್ಮ, ಹಾರ್ತಿದ್ದಾಗಿನ ಬಿಸಿ ಇನ್ನೂ ಇದರ ಮೈಮ್ಯಾಲೆ ಐತೆ! ಇಷ್ಟು ದಿನ ನನ್ ಕಣ್ಣಿಗೇ ಬಿದ್ದಿರ್ಲಿಲ್ಲ. ಹೌದಲ್ವಾ?"

"ಹೌದು ಸರ್," ಎಂದೆ.

ಆ ಕಲೆಯನ್ನು ನೋಡಬಂದವರಿಗೆ ವಿವರಿಸುವ ಫಲಕ ಬರೆಯುವ ಕೆಲಸವನ್ನೂ ನನಗೇ ಒಪ್ಪಿಸಿದಿರಿ. ನಿಘಂಟು ತೆರೆದಿಟ್ಟುಕೊಂಡು ಬರೆದೆ: 'ಎಂಜಿನ್ನಿನ ಬಿಸಿಗಾಳಿ ಉಳಿಸಿದ ಗುರುತು.' ಕಾಗುಣಿತ ತಪ್ಪೀತೆಂದು ಪಟ್ಟ ಆತಂಕದಲ್ಲಿ ಕಾಲುಭಾಗವನ್ನೂ ಸತ್ಯಕ್ಕಾಗಿ ಪಡಲಿಲ್ಲ. ನ್ಯಾಮತಿಯಿಂದ ಬರುವ ಶಾಲಾಮಕ್ಕಳು ಕೆಳಗೆ ನಿಂತು ಅತ್ತ ಮೂಗೆತ್ತಿ, ಸುಟ್ಟ ವಾಸನೆ ಬರುತ್ತದೆಂದು ಆಣೆಯಿಡುತ್ತಾರೆ. ಅವ್ವ ಮಾತ್ರ ಫೋನಿನಲ್ಲಿ, "ನನ್ ಕುಂಕುಮ ಹೆಂಗೈತೆ?" ಎಂದು ವಿಚಾರಿಸುತ್ತಾಳೆ.

ಹೀಗೆ ನಗುತ್ತಲೇ ಇದ್ದುಬಿಡಬಹುದಿತ್ತು — ಆದರೆ ಈಗ ವಿಮಾನಕ್ಕೆ ಹೊಸ ರಕ್ಷಣಾ ಲೇಪ ಬಳಿಯಲಿದ್ದಾರೆ. ಆ ಕಲೆಯನ್ನು ಮಾತ್ರ ಮುಟ್ಟಬಾರದೆಂದು ತಾವು ಸುತ್ತಲೂ ಸೀಮೆಸುಣ್ಣದ ಗೆರೆ ಎಳೆದಿದ್ದೀರಿ. ಆ ಗೆರೆಯೊಳಗೆ, ನಾನು ಬಣ್ಣ ಕಿತ್ತ ಕಡೆ, ಲೋಹ ಸವೆದು ಆಗಲೇ ಬಿಳಿಪುಡಿಯಾಗಿ ಉದುರುತ್ತಿದೆ, ಸರ್. ತಮಗೆ ಕಾಣದಂತೆ ನಾನು ಒರೆಸುತ್ತ ಬಂದಿದ್ದೇನೆ. ತಾವು ಇಷ್ಟು ಜೋಪಾನ ಮಾಡಿದ ವಿಮಾನವನ್ನು ನನ್ನ ಆ 'ಹೌದು' ತಿನ್ನುತ್ತಿದೆ.

ಅವ್ವನದು ಭಕ್ತಿ, ಸುಳ್ಳು ನನ್ನದು. ನಾಳೆ ಬಣ್ಣದವರು ಏಣಿ ಹಾಕುವ ಮೊದಲೇ ಬಂದು ಈ ಬರಹವನ್ನು ತಮ್ಮ ಕೈಗಿಡುತ್ತೇನೆ. ಓದಿ ಮುಗಿಸುವವರೆಗೂ ಎದುರಲ್ಲೇ ನಿಂತಿರುತ್ತೇನೆ. ಬೈಯಿರಿ — ಬೈದ ಮೇಲೆ ಅಪ್ಪಣೆ ಕೊಟ್ಟರೆ, ಆ ಗೆರೆಯನ್ನು ನಾನೇ ಅಳಿಸುತ್ತೇನೆ.

ಒದ್ದೆ ಬಟ್ಟೆಯಿಂದ. ಈ ಸಲ ತಮ್ಮನ್ನು ಕೇಳಿ.