ಎಡಗೈಗೆ ಕೊಟ್ಟ ಹೂವು

ಈ ಬೆಳಿಗ್ಗೆ ಕಡತ ಓದುತ್ತ ಕೂತವನು ಮಲ್ಲಿಗೆಯ ವಾಸನೆಗೆ ತಲೆ ಎತ್ತಿದೆ. ಬಾಗಿಲಲ್ಲಿ ಹೂವು ಮಾರುವವಳು ನಿಂತಿದ್ದಳು. ನನ್ನ ಸೋದರತ್ತೆ ಗಂಗತ್ತೆ ಕೈ ಚಾಚಿದಳು. "ಎಡಗೈಲೆ ಹೂವ ಇಸಗೊತಾರೇನಬೇ?" ಎಂದು ಹೂವಿನವಳು ಗದರಿದಳು. ಹೊಸಬಳು, ಪಾಪ. ಅತ್ತೆಯ ಸತ್ತ ಬಲಗೈ ಸೆರಗಿನ ಗಂಟಿನಲ್ಲಿ ಜೋತಿರುವುದನ್ನು ನೋಡಿರಲಿಲ್ಲ. ಅತ್ತೆ ನಕ್ಕಳು. ನನಗೆ ನಗು ಬರಲಿಲ್ಲ. ಏಕೆಂದರೆ ಆ ಮಾತನ್ನು ನಾನು ಮೊದಲೊಮ್ಮೆ ಕೇಳಿದ್ದೆ, ಅದೂ ಅತ್ತೆಯ ಬಾಯಲ್ಲೇ.

ಏಳು ವರ್ಷದ ಹಿಂದಿನ ಸಂಗತಿ. ಆಗ ನಾನು ಕಾನೂನು ಕಾಲೇಜಿನ ಎರಡನೇ ವರ್ಷದಲ್ಲಿದ್ದೆ. ಚರ್ಚಾಸ್ಪರ್ಧೆಯಲ್ಲಿ ಬೆಳಿಗ್ಗೆ ದೇವರಿದ್ದಾನೆಂದೂ ಮಧ್ಯಾಹ್ನ ಇಲ್ಲವೆಂದೂ ವಾದಿಸಿ, ಎರಡಕ್ಕೂ ಬಹುಮಾನ ಹೊತ್ತು ತಂದವನು. ಉಚ್ಚಂಗಿದುರ್ಗದ ಮೆಟ್ಟಿಲು ಹತ್ತುವವರ ಜೊತೆ ಭಕ್ತಿ ದಂಡವೆಂದು ವಾದಿಸುತ್ತ ವಾದಿಸುತ್ತ, ನಾನೇ ಗುಡಿಯ ಬಾಗಿಲಿನ ತನಕ ಹತ್ತಿಬಿಟ್ಟಿದ್ದೆ. ಇಂಥವನನ್ನು ಮನೆಯಲ್ಲಿ ಸಹಿಸಿಕೊಂಡವಳು ಗಂಗತ್ತೆ ಒಬ್ಬಳೇ.

ಅವಳದು ಹೂವಿನ ವ್ಯಾಪಾರ. ಹಡಗಲಿಯ ಮೊಗ್ಗನ್ನು ಒದ್ದೆ ಬಟ್ಟೆಯ ಪುಟ್ಟಿಗಳಲ್ಲಿ ತುಂಬಿ, ಟೆಂಪೋದಲ್ಲಿ ಕೊಟ್ಟೂರು, ಕೂಡ್ಲಿಗಿ ಹಾಯ್ದು ಹೆದ್ದಾರಿಯ ಊರುಗಳಿಗೆ ಒಯ್ಯುತ್ತಿದ್ದಳು. ಗಾಡಿಯ ಹಿಂದೆ ಪುಟ್ಟಿಗಳ ನಡುವೆ ಕೂತು ದಾರಿಯುದ್ದಕ್ಕೂ ಮಾಲೆ ಕಟ್ಟುವುದು ಅವಳ ರೂಢಿ. ಕೂಡ್ಲಿಗಿ ದಾಟಿದ ಮೇಲೆ ರಸ್ತೆಯ ಅಂಚಿಗೆ ಸುಣ್ಣ ಬಳಿದ ಕಲ್ಲೊಂದಿದೆ. ಹೂವಿನ ಗಾಡಿಗಳು ಅಲ್ಲಿ ನಿಲ್ಲುವುದಿಲ್ಲ, ನಿಧಾನವಾಗುತ್ತವೆ ಅಷ್ಟೇ. ಹಿಂದೆ ಕೂತವರು ಕಲ್ಲಿನತ್ತ ಒಂದು ಹಿಡಿ ಮೊಗ್ಗು ಎಸೆಯುತ್ತಾರೆ. ಯಾವ ದೇವರೆಂದು ಕೇಳಿದರೆ, "ದೇವ್ರೋ ದೆವ್ವೋ, ಹೂವಿನ ಸುಂಕ ಅಂತ ತಿಳಕೊ" ಎನ್ನುತ್ತಿದ್ದಳು.

ಅವತ್ತು ಆ ಕಲ್ಲಿನ ಬಳಿ ಲಾರಿಯೊಂದು ಹಿಂದಿನಿಂದ ಟೆಂಪೋಗೆ ಗುದ್ದಿತು. ಸುಡುವ ಮಧ್ಯಾಹ್ನ, ಎರಡೂ ಕಡೆ ಕಣ್ಣು ಹಾಯುವಷ್ಟು ದೂರ ಬಯಲು. ಆಸ್ಪತ್ರೆಯಲ್ಲಿ ಅತ್ತೆ ನನ್ನೊಬ್ಬನಿಗೇ ಹೇಳಿದಳು:

"ಕಲ್ಲಿನ ಬಾಜುಕ ಒಬ್ಬಾಕಿ ನಿಂತು ಕೈ ಒಡ್ಡಿದ್ಲೋ. ಕಲ್ಲಿಗಾದ್ರ ಎಸೀಬಹುದು, ನೀಡಿದ ಕೈಗೆ ಹೂವ ಎಸಿತಾರೇನು? ತಗಡು ಬಡದು ಗಾಡಿ ನಿಂದ್ರಿಸಿದೆ. ಎಡಗೈಲೆ ಹೂವ ಇಸಗೊತಾರೇನಬೇ ಅಂತ ಬೈಕೊಂತ ಬಗ್ಗಿ ಕೊಟ್ಟೆ. ಅಷ್ಟರಾಗ ಲಾರಿ ಬಂತು."

ನಾನು ನಕ್ಕೆ. "ಟೆಂಪೋಕ್ಕೂ ಲಾರಿಗೂ ನಡುವ ಒಬ್ಬಾಕಿ ನಿಂತಿದ್ರ ಹೆಣ ಸಿಗಬೇಕಿತ್ತಲ್ಲತ್ತೀ? ಹೆಣ ಇಲ್ಲ ಅಂದಮ್ಯಾಲ ಹೆಂಗಸೂ ಇಲ್ಲ." ಪೊಲೀಸರ ನಕ್ಷೆಯಲ್ಲೂ ಚೆಲ್ಲಿದ ಮೊಗ್ಗು ಬಿಟ್ಟರೆ ಬೇರೆ ಗುರುತಿರಲಿಲ್ಲ. ಎಷ್ಟು ಅಚ್ಚುಕಟ್ಟಾದ ವಾದ, ನೋಡಿ!

ಆದರೆ ವಿಮೆಯ ವಿಷಯ ನಗುವಂಥದ್ದಾಗಿರಲಿಲ್ಲ. ಸರಕಿನ ಗಾಡಿಯ ಹಿಂದೆ ಪುಟ್ಟಿಗಳ ನಡುವೆ ಕೂತವಳಿಗೆ ಟೆಂಪೋದ ವಿಮೆ ದಕ್ಕದು. ಪೂರ್ತಿ ತಪ್ಪು ಲಾರಿಯದೆಂದಾದರೆ ಮಾತ್ರ ಪರಿಹಾರ. ಟೆಂಪೋ ನಡುರಸ್ತೆಯಲ್ಲಿ ಗಕ್ಕನೆ ನಿಂತಿತ್ತೆಂದರೆ ಮುಗಿಯಿತು. ಮಾಲೆ ಕಟ್ಟುವ ಕೈ ಹೋದವಳಿಗೆ ಅದೊಂದೇ ಆಸರೆ. ಟೆಂಪೋದ ಡ್ರೈವರ್ ಅಂದೇ ಊರು ಬಿಟ್ಟಿದ್ದ. ನಾನು ಅತ್ತೆಗೆ ಗಿಳಿಪಾಠ ಹೇಳಿಕೊಟ್ಟೆ: ಗಾಡಿ ನಿಂತಿರಲಿಲ್ಲ, ಯಾರೂ ಇರಲಿಲ್ಲ.

"ಹೂವ ಇಸಗೊಂಡಾಕಿನ್ನ ಇಲ್ಲ ಅಂತ ಹೆಂಗ ಅನ್ಲೋ?"

"ಇದ್ದಿದ್ರ ತಾನೇ ಇಲ್ಲ ಅನ್ನೋದು!"

ಕೋರ್ಟಿನಲ್ಲಿ ಲಾರಿಯ ಕಡೆಯ ವಕೀಲರು ಎದ್ದು ಕೇಳಿದ ಮೊದಲ ಪ್ರಶ್ನೆಗೇ ನಾನು ತಲೆ ಎತ್ತಿದೆ. "ಹೂವಿಗೆ ಕೈ ಒಡ್ಡಿದ ಹೆಂಗಸಿಗೋಸ್ಕರ ಗಾಡಿ ನಿಲ್ಲಿಸಿದಿರಿ, ಹೌದಲ್ಲವೆ?"

ಅತ್ತೆ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ.

"ಯಾರೂ ಇರ್ಲಿಲ್ರಿ."

ಆಮೇಲೆ ಲಾರಿ ಡ್ರೈವರ್ ಕಟಕಟೆ ಹತ್ತಿದ. ತೆಳ್ಳಗಿನ ಮನುಷ್ಯ, ಮಾತಿಗೊಮ್ಮೆ ಟವೆಲ್ ಹಿಂಡುತ್ತಿದ್ದ. "ಗಾಡಿ ನಿಂತಿತ್ರಿ ಸಾಹೇಬ್ರ. ಒಬ್ಬಾಕಿ ಎಡಗೈಲೆ ಹೂವ ಇಸಗೊಳಾಕತ್ತಿದ್ಲು. ಬ್ರೇಕ್ ಒತ್ತಿದೆ, ಹಿಡೀಲಿಲ್ಲ. ಅಕಿ ಏನಾದ್ಲು ಅಂತ ಗಾಲಿ ತಳಗೆಲ್ಲ ಹುಡುಕೀನ್ರಿ." ಅತ್ತೆಯತ್ತ ತಿರುಗಿದ: "ಅಕ್ಕಾ, ನೀವಽ ಕೊಟ್ರಲ್ಲ?"

ಎಡಗೈ. ಆ ಮಾತನ್ನು ಅತ್ತೆ ನನಗಲ್ಲದೆ ಯಾರಿಗೂ ಹೇಳಿರಲಿಲ್ಲ.

ನಾವು ಗೆದ್ದೆವು. ಇಲ್ಲದ ಹೆಂಗಸನ್ನು ಕಟ್ಟಿ ತಪ್ಪು ಮುಚ್ಚಿಕೊಳ್ಳುವ ಸುಳ್ಳುಗಾರನೆಂದು ತೀರ್ಪಿನಲ್ಲೇ ಅವನ ಹೆಸರು ದಾಖಲಾಯಿತು, ಕೆಲಸ ಹೋಯಿತು. ಪರಿಹಾರದ ಚೆಕ್ಕಿಗೆ ಅತ್ತೆ ಎಡಗೈ ಚಾಚಿದಾಗ ನನಗೆ ಚಪ್ಪಾಳೆಯ ಸದ್ದು ಕೇಳಬೇಕಿತ್ತು. ಕೇಳಲಿಲ್ಲ.

ಅವನು ಎಲ್ಲೋ ಕೇಳಿರಬೇಕು, ಊಹಿಸಿರಬೇಕು, ಬಿಸಿಲ ಝಳಕ್ಕೆ ಇಬ್ಬರ ಕಣ್ಣೂ ಒಂದೇ ತಪ್ಪು ಮಾಡಿರಬೇಕು. ಏಳು ವರ್ಷಗಳಿಂದ ಇಂಥ ಉತ್ತರಗಳನ್ನು ಜೋಡಿಸುತ್ತಲೇ ಇದ್ದೇನೆ. ಸಂದೇಹವಾದಿ ಎಂದು ಎದೆ ತಟ್ಟಿಕೊಂಡವನು ನಾನು. ಆದರೆ ಸಂದೇಹ ಇದ್ದವನು ಪ್ರಶ್ನೆ ಕೇಳುತ್ತಾನೆ, ಅಲ್ಲವೆ? ನಾನು ಬರೀ ಉತ್ತರ ಕೊಟ್ಟಿದ್ದೆ. ಆ ಹೆಂಗಸು ಹೇಗಿದ್ದಳೆಂದು ಒಮ್ಮೆಯೂ ಕೇಳಿರಲಿಲ್ಲ.

ಇವತ್ತು ಹೂವಿನವಳು ಹೋದ ಮೇಲೆ ಕಡತ ಮುಚ್ಚಿಟ್ಟು ಕೇಳಿದೆ. "ಅತ್ತೀ, ಅಕಿ ಹೆಂಗಿದ್ಲು?"

"ಯಾರೂ ಇರ್ಲಿಲ್ಲಂತಲ್ಲೋ ವಕೀಲ? ಇಲ್ಲದಾಕಿ ಹೆಂಗಿರ್ತಾಳ?" ಎಂದು ಚುಚ್ಚಿದಳು. ಆಮೇಲೆ ಕೈಯ ಹೂವನ್ನು ಮಡಿಲಿಗೆ ಹಾಕಿಕೊಂಡಳು.

"ಮಾರಿ ಕಾಣ್ಲಿಲ್ಲಪ. ಬಿಸಿಲಿತ್ತು. ಎಡಗೈ ಚಾಚಿದಾಕಿನ್ನ ಸುಮ್ನ ಬೈದೆ. ಅಕಿ ತಾನಽ ಏನ್ ಮಾಡ್ತಿದ್ಲು, ಬಲಗೈ ಸೆರಗಿನಾಗ ಕಟ್ಟಿಗೊಂಡಿದ್ಲು."

ಹಾಗೆನ್ನುತ್ತ ಅತ್ತೆ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಸಡಿಲವಾಗಿದ್ದ ಗಂಟನ್ನು ಎಡಗೈಯಿಂದ ಬಿಗಿ ಮಾಡಿಕೊಂಡಳು.