ಹಿಂದಿನ ಸೀಟಿನ ಮೇಲೆ ಹಸಿರು ಬಳೆ

ಕೊರೋನಾ ಬರುವುದಕ್ಕೆ ಎರಡು ವರ್ಷ ಮೊದಲಿನ ಮಾತು. ಆಗ ನಾನು ಬೈಲಹೊಂಗಲದ ಒಂದು ಮೋಟರ್‌ಸೈಕಲ್ ಶೋರೂಮಿನಲ್ಲಿ ಸೇಲ್ಸ್ ಮ್ಯಾನೇಜರ್. ಗಿರಾಕಿಗಳ ಬಾಯಲ್ಲಿ ಕುಲಕರ್ಣಿ ಸಾಹೇಬ್ರು. ಅಷ್ಟೊತ್ತಿಗೆ ಈ ಧಂದೆಯಲ್ಲಿ ನನಗೆ ಇಪ್ಪತ್ತೆರಡು ವರ್ಷ ತುಂಬಿತ್ತು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕು ತಾಲೂಕಿನಲ್ಲಿ ಯಾರು ಯಾವ ಗಾಡಿ ಕೊಳ್ಳುತ್ತಾರೆ ಎಂಬುದನ್ನು ಅವರು ಬಾಗಿಲಲ್ಲಿ ಚಪ್ಪಲಿ ಬಿಡುವ ರೀತಿ ನೋಡಿಯೇ ಹೇಳಬಲ್ಲೆ ಎಂಬ ಸೊಕ್ಕು ನನಗಿತ್ತು.

ಸೊಕ್ಕಿಗೆ ಕಾರಣವೂ ಇತ್ತೆನ್ನಿ. ರಾಮದುರ್ಗದ ಕಡೆಯವರು ಮೊದಲು ಕ್ಯಾರಿಯರ್ ಹಿಡಿದು ಅಲುಗಾಡಿಸುತ್ತಾರೆ. ಕಾಲೇಜಿನವರು ಕನ್ನಡಿಯಲ್ಲಿ ತಮ್ಮ ಮುಖ ನೋಡಿಕೊಳ್ಳುತ್ತಾರೆ. ವಯಸ್ಸಾದವರು ಕೂಡುವ ಮೊದಲೇ "ಎವರೇಜ್ ಎಷ್ಟ ಕೊಡತೈತಿ?" ಎನ್ನುತ್ತಾರೆ, ಎಂದರೆ, ಒಂದು ಲೀಟರ್ ಪೆಟ್ರೋಲಿಗೆ ಎಷ್ಟು ಕಿಲೋಮೀಟರ್. ಗಾಡಿ ಒಯ್ಯುವ ದಿನ ಮಾತ್ರ ಎಲ್ಲರದೂ ಒಂದೇ ಪದ್ಧತಿ: ಹಾರ, ತೆಂಗಿನಕಾಯಿ, ಗಾಲಿಯ ಕೆಳಗೆ ಲಿಂಬೆಹಣ್ಣು, ನಮಗೆಲ್ಲ ಪೇಢೆ. ಕೀಲಿಯನ್ನು ನಾನು ಯಾವಾಗಲೂ ಗಂಡಸಿನ ಕೈಗೇ ಕೊಡುತ್ತಿದ್ದೆ. ಹೆಂಗಸರಿಗೆ ಒಂದು ಕುರ್ಚಿ, ಒಂದು ಕಪ್ ಚಹಾ. ಓಡಿಸುವವನು ಒಪ್ಪಿದರೆ ಕೆಲಸ ಮುಗಿಯಿತು ಎಂಬುದು ನನ್ನ ಸಿದ್ಧಾಂತ. ನನ್ನ ಹೆಂಡತಿ ಸುಧಾ ನನ್ನ ಗಾಡಿ ಹತ್ತುತ್ತಲೇ ಇರಲಿಲ್ಲ. ಸವದತ್ತಿಯ ತವರಿಗೆ ಬಸ್ಸಿನಲ್ಲೇ ಹೋಗುತ್ತಿದ್ದಳು. "ಗಾಡಿ ಮಾರೋನ ಹೆಂಡ್ತಿಗೇ ಗಾಡಿ ಅಂದ್ರ ಹೆದರಿಕಿ ನೋಡ್ರಿ" ಎಂದು ನಾನು ಗಿರಾಕಿಗಳ ಮುಂದೆ ನಗೆಯಾಡುತ್ತಿದ್ದೆ.

ಆ ವರ್ಷದ ಶ್ರಾವಣದಲ್ಲಿ ಮಲ್ಲಪ್ಪ ಬಳೆಗಾರ, ಅವನ ಹೆಂಡತಿ ಶಾಂತವ್ವ ಎರಡು ಸಲ ಶೋರೂಮಿಗೆ ಬಂದು ಹೋದರು. ಊರೂರು ತಿರುಗಿ ಹೆಂಗಸರ ಕೈಗೆ ಬಳೆ ಇಡುವುದು ಅವರ ಮನೆತನದ ಕಸುಬು. ಮಲ್ಲಪ್ಪ ಗಾಡಿ ಓಡಿಸುತ್ತಾನೆ, ಶಾಂತವ್ವ ಗಾಜಿನ ಬಳೆಗಳ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂಡುತ್ತಾಳೆ. ಅವರ ಹಳೆಯ ಗಾಡಿ ಮುದಿಯಾಗಿತ್ತು. ನಾನು ಆ ವರ್ಷ ಎಲ್ಲರೂ ಮುಗಿಬಿದ್ದು ಕೊಳ್ಳುತ್ತಿದ್ದ ಕೆಂಪು ಗಾಡಿಯನ್ನು ಮುಂದೆ ಎಳೆದೆ. ದಪ್ಪ ಟಾಯರ್, ಬಾಲ ಎತ್ತಿದ ಹಿಂದಿನ ಸೀಟು. ಮಲ್ಲಪ್ಪನ ಮುಖ ಅರಳಿತು. ಶಾಂತವ್ವ ಹಿಂದಿನ ಸೀಟನ್ನು ಅಂಗೈಯಿಂದ ಒತ್ತಿ ನೋಡಿ, "ಇದು ಬ್ಯಾಡ್ರಿ" ಎಂದಳು. ಮೂಲೆಯಲ್ಲಿ ಧೂಳು ತಿನ್ನುತ್ತ ನಿಂತಿದ್ದ ಕರಿ ಡೆಮೊ ಗಾಡಿ ತೋರಿಸಿ, "ಅದರ ಸೀಟ ಉದ್ದ ಐತಲ್ರಿ" ಎಂದಳು.

"ಅಯ್ಯ, ಅದು ಹಾಲಿನವ್ರು ಒಯ್ಯೋ ಗಾಡಿ ಅಕ್ಕಾರ. ಓಡಸಾವ್ರು ಅವ್ರು ಇದ್ದಾರ, ನೀವು ಚಾ ತಗೋರಿ" ಎಂದೆ. ಎರಡನೆಯ ಸಲವೂ ಅವಳು ಅದನ್ನೇ ಹೇಳಿದಳು, ನಾನೂ ಚಹಾವನ್ನೇ ತರಿಸಿದೆ. ಅವರು ಏನನ್ನೂ ಗೊತ್ತು ಮಾಡದೆ ಎದ್ದು ಹೋದರು.

ಮುಂದಿನ ಶುಕ್ರವಾರ ಬೆಳಗ್ಗೆ ಒಂಬತ್ತೂವರೆ. ಆಗಷ್ಟೇ ಶಟರ್ ಎತ್ತಿ ಊದುಬತ್ತಿ ಹಚ್ಚುತ್ತಿದ್ದೆ. ಮಲ್ಲಪ್ಪ ಬೆವರು ಸುರಿಸುತ್ತ ಓಡಿ ಬಂದ. ಎದೆಗವಚಿದ ಬಳೆಯ ಡಬ್ಬಿ.

"ಸಾಹೇಬ್ರ, ಗಾಡಿ ಎಪಿಎಂಸಿ ಮುಂದ ಕೈ ಕೊಡ್ತರಿ. ಹನ್ನೊಂದಕ್ಕ ಚಚಡಿಯೊಳಗ ಕುಬಸ ಐತಿ. ಈಗ ಬಸ್ಸೂ ಇಲ್ಲ. ನಾ ಮುಟ್ಟಲಿಲ್ಲಂದ್ರ ನಮ್ಮ ಮನಿತನದ ಕಾಯಕ ಇವತ್ತಿಗೆ ಮುಗೀತರಿ!"

ಕೂಡಿಸಿ ನೀರು ಕೊಟ್ಟ ಮೇಲೆ ಸಂಗತಿ ತಿಳಿಯಿತು. ಕುಬಸ ಎಂದರೆ ನಮ್ಮ ಕಡೆ ಚೊಚ್ಚಲ ಬಸುರಿಗೆ ಮಾಡುವ ಸೀಮಂತ. ಹಸಿರು ಸೀರೆ ಉಡಿಸಿ, ಮೊದಲು ಅವಳಿಗೆ ಹಸಿರು ಬಳೆ ಇಟ್ಟು, ಆಮೇಲೆ ಉಳಿದ ಮುತ್ತೈದೆಯರಿಗೆ. ಚಚಡಿಯ ಆ ದೊಡ್ಡ ಮನೆಗೆ ಮಲ್ಲಪ್ಪನ ಅಜ್ಜನ ಕಾಲದಿಂದಲೂ ಇವರದೇ ಬಳೆ. ಆದರೆ ಹಿಂದಿನ ಎರಡು ಮದುವೆಗೆ ಸೊಸೆಯರು ಪೇಟೆಯ ಫ್ಯಾನ್ಸಿ ಅಂಗಡಿಗೆ ಹೋಗಿದ್ದರು. ಮನೆಯ ಹಿರಿಯಳು ಗಂಗವ್ವಜ್ಜಿ ಹಟ ಹಿಡಿದು ಈ ಸಲ ಇವರನ್ನು ಕರೆಸಿದ್ದಳು. ಆ ಮನೆ ಬಿಟ್ಟರೆ ಊರೇ ಬಿಟ್ಟಂತೆ. ಉಳಿದ ಮನೆಗಳೆಲ್ಲ ಆ ಮನೆಯನ್ನೇ ನೋಡುತ್ತವೆ. ಚಚಡಿ ಶಾಂತವ್ವನ ತವರೂರು, ಅವಳು ಹಿಂದಿನ ದಿನವೇ ಹೋಗಿದ್ದಳು. ಬಳೆ ಇಡುವ ಕೈ ಅಲ್ಲಿ, ಬಳೆ ಇಲ್ಲಿ.

ನಮ್ಮ ನಿಯಮದ ಪ್ರಕಾರ ಟೆಸ್ಟ್ ರೈಡ್ ಎಂದರೆ ಮುಂದಿನ ಸರ್ಕಲ್‌ವರೆಗೆ ಹೋಗಿ ತಿರುಗಿ ಬರುವುದು. ನನ್ನ ತಲೆಯಲ್ಲಿ ಮಾತ್ರ ಬೇರೆಯೇ ಆಟ ಓಡಿತು. ಇಪ್ಪತ್ತು ಕಿಲೋಮೀಟರ್ ಆ ಕೆಂಪು ಗಾಡಿ ಓಡಿಸಿದ ಮೇಲೆ ಇವನು ಬಿಡುತ್ತಾನೆಯೇ? "ನಡೀರಿ ಮಲ್ಲಪ್ಪ, ನೀವು ಓಡಸ್ರಿ, ಡಬ್ಬಿ ಹಿಡ್ಕೊಂಡು ನಾ ಹಿಂದ ಕೂಡ್ತೀನಿ" ಎಂದು ಇಬ್ಬರಿಗೂ ಹೆಲ್ಮೆಟ್ ತೆಗೆದೆ.

ಇಪ್ಪತ್ತೆರಡು ವರ್ಷದಲ್ಲಿ ಸಾವಿರಾರು ಗಾಡಿ ಮಾರಿದ ನಾನು ಮಾರುವ ಗಾಡಿಯ ಹಿಂದಿನ ಸೀಟಿನ ಮೇಲೆ ಕೂತದ್ದು ಅದೇ ಮೊದಲು. ಅಬ್ಬಬ್ಬಾ! ಮೊಣಕಾಲು ಎದೆಗೆ ಬಂದವು. ಬ್ರೇಕ್ ಹಾಕಿದಾಗೊಮ್ಮೆ ಜಾರಿ ಮಲ್ಲಪ್ಪನ ಬೆನ್ನಿಗೆ ಬೀಳುತ್ತಿದ್ದೆ. ಕೈಯಲ್ಲಿ ಡಬ್ಬಿ, ಹಿಡಿಯಲು ಬೇರೇನೂ ಇಲ್ಲ. ಊರು ದಾಟುವ ಮೊದಲೇ ಎರಡನೆಯ ಸ್ಪೀಡ್ ಬ್ರೇಕರ್ ಬಂತು. ನಾನು ಗೇಣುದ್ದ ಮೇಲೆ ಹಾರಿ ಧಪ್ಪನೆ ಕೂತೆ. ಡಬ್ಬಿಯೊಳಗೆ ಫಳ್ ಎಂದಿತು.

ರಸ್ತೆ ಬದಿಯಲ್ಲಿ ಡಬ್ಬಿ ತೆರೆದೆವು. ದಾರಕ್ಕೆ ಪೋಣಿಸಿದ ಬಳೆಯ ಗೊಂಚಲಿಗೆ ಮಲಾರ ಎನ್ನುತ್ತಾರೆ. ಎರಡು ಮಲಾರ ಚೂರಾಗಿದ್ದವು. ಮಲ್ಲಪ್ಪನ ಕಣ್ಣು ತುಂಬಿದವು. "ಒಡದ ಬಳಿ ಇದ್ದ ಡಬ್ಬಿಲೆ ಬಸುರಿಗೆ ಬಳಿ ಇಡಾಂಗಿಲ್ರಿ. ಅಜ್ಜಿ ಹೊಸ್ತಲಾ ದಾಟಾಕ ಬಿಡಾಂಗಿಲ್ಲ." ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಶಾಂತವ್ವನ ಅಂಗೈ ನೆನಪಾಯಿತು.

"ಮಲ್ಲಪ್ಪ, ತಿರುಗಸ್ರಿ ಗಾಡಿ!" ಎಂದು ಕೂಗಿದೆ. ಬಜಾರಿನ ಬಳೆ ಅಂಗಡಿಯವರು ಹೊಸ ಡಬ್ಬಿ, ಹೊಸ ಬಳೆ ಕಟ್ಟಿಕೊಡುವಷ್ಟರಲ್ಲಿ ನಾನು ಶೋರೂಮಿಗೆ ಓಡಿ ಆ ಕರಿ ಗಾಡಿಯನ್ನು ಎಳೆದೆ. ಅಂಗಿಯ ತೋಳಿನಿಂದಲೇ ಧೂಳು ಒರೆಸಿದೆ. ಹೊರಟಾಗ ಹತ್ತೂ ಹತ್ತು.

ಈಗ ನೋಡಿ ವ್ಯತ್ಯಾಸ! ಸಪಾಟಾದ ಉದ್ದ ಸೀಟು, ಹಿಂದೆ ಬೆನ್ನಿಗೆ ಕಬ್ಬಿಣದ ಕಂಬಿ, ಪಾದ ಊರಲು ಅಗಲವಾದ ಪಟ್ಟಿ. ನಮ್ಮ ಮಿಸ್ತ್ರಿಗಳು ಶಾಕಪ್ ಎನ್ನುವ ಹಿಂದಿನ ಸ್ಪ್ರಿಂಗು ಗುಂಡಿಯನ್ನು ತಾನೇ ನುಂಗಿ ನನಗೆ ಬರೀ ಸುದ್ದಿ ಮುಟ್ಟಿಸುತ್ತಿತ್ತು. ಆದರೂ ನನ್ನ ಬಾಯಿ ಸುಮ್ಮನಿರಲಿಲ್ಲ. "ಗುಂಡಿ ಅದ! ಎಡಕ್ಕ! ಕುರಿ ಬಂದ್ವು, ಕುರಿ!"

"ಸಾಹೇಬ್ರ, ನೀವು ಡಬ್ಬಿ ನೋಡ್ರಿ, ರಸ್ತಾ ನಾ ನೋಡತೇನಿ!" ಎಂದು ಮಲ್ಲಪ್ಪ ಗದರಿದ.

ಚಚಡಿ ಇನ್ನೇನು ಬಂತು ಎನ್ನುವಾಗ ಮೋರಿ ರಿಪೇರಿಗೆಂದು ರಸ್ತೆ ಅಗೆದಿದ್ದರು. ಪಕ್ಕದ ಹೊಲದಲ್ಲಿ ಇಳಿದು ಹೋಗಬೇಕು. ರಾತ್ರಿಯ ಮಳೆಗೆ ಎರೆ ಮಣ್ಣು ಹಿಟ್ಟು ಕಲಸಿದ ಹಾಗಾಗಿತ್ತು. ನಡುವೆ ಹಿಂದಿನ ಗಾಲಿ ಜಾರಿ ಗಾಡಿ ವಾಲಿತು. ನಾನು ಎರಡೂ ಕಾಲು ಕೆಸರಿಗೆ ಊರಿ ಡಬ್ಬಿಯನ್ನು ತಲೆಯ ಮೇಲಕ್ಕೆ ಎತ್ತಿದೆ. ಮಲ್ಲಪ್ಪ "ಯಲ್ಲವ್ವಾ!" ಎಂದು ಕಿರುಚಿ ಎಕ್ಸಲೇಟರ್ ತಿರುವಿದ. ಗಾಡಿ ದಾಟಿತು, ನಾನೂ ದಾಟಿದೆ, ನನ್ನ ಎಡಗಾಲಿನ ಬೂಟು ಮಾತ್ರ ಅಲ್ಲೇ ಉಳಿಯಿತು.

ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಆ ಮನೆಯ ಮುಂದೆ ಇಳಿದೆವು. ಶಾಂತವ್ವ ದಾರಿ ನೋಡಿ ನೋಡಿ ಸಾಕಾಗಿ ಬೀದಿಗೇ ಬಂದು ನಿಂತಿದ್ದಳು. ಗಂಗವ್ವಜ್ಜಿ ಹೊಸ್ತಿಲ ಒಳಗೆ ಕೂತಿದ್ದಳು. ಅವಳ ಹಿಂದೆ ಹಸಿರು ಸೀರೆಯ ಬಸುರಿ, ಸುತ್ತ ಹೆಂಗಸರು.

"ಡಬ್ಬಿ ತಗೀ ಮೊದಲ" ಎಂದಳು ಅಜ್ಜಿ.

ಶಾಂತವ್ವ ಮುಚ್ಚಳ ತೆಗೆದಳು. ಒಂದೊಂದೇ ಮಲಾರದ ಮೇಲೆ ಬೆರಳು ಎಳೆದಳು. ಕೊನೆಯ ಮಲಾರ ಮುಟ್ಟಿ, "ಒಂದೂ ಒಡದಿಲ್ರಿ ಅಜ್ಜೀ" ಎಂದಳು.

"ಮತ್ತ ನೋಡ್ಕೋತ ನಿಂತಿ? ಇಡವಾ!"

ನಾನು ಒಂದೇ ಬೂಟಿನಲ್ಲಿ ಅಂಗಳದಲ್ಲಿ ಕುಣಿದೆ ಎಂದು ಮಲ್ಲಪ್ಪ ಈಗಲೂ ಆಡಿಕೊಳ್ಳುತ್ತಾನೆ. ಕುಣಿದಿರಬಹುದು. ಅಷ್ಟು ಖುಷಿ ನನಗೆ ಯಾವ ದಸರೆಯ ಮಾರಾಟದಲ್ಲೂ ಆಗಿರಲಿಲ್ಲ. ಪೇಟೆಗೆ ಹೋಗುತ್ತಿದ್ದ ಸೊಸೆಯರೂ ಸಾಲಾಗಿ ಕೂತು ಕೈ ನೀಡಿದರು. ಬಳೆ ಇಡುವುದು ಮುಗಿದ ಮೇಲೆ ಅಜ್ಜಿ, "ಮೊಮ್ಮಗಳ ಲಗ್ನಕ್ಕ ಹಿಂದಿನ ದಿನಾನ ಬರ್ರಿ ಮತ್ತ" ಎಂದಳು. ಮಲ್ಲಪ್ಪ ಟವೆಲ್ಲಿನಿಂದ ಮುಖ ಮುಚ್ಚಿಕೊಂಡ.

ಶಾಂತವ್ವ ನನ್ನ ಕೆಸರಿನ ಪ್ಯಾಂಟು ನೋಡಿದಳು, ಆಮೇಲೆ ಕರಿ ಗಾಡಿ ನೋಡಿದಳು. "ಡಬ್ಬಿ ಹಿಡ್ಕೊಂಡು ಹಿಂದ ನೀವು ಕುಂತ್ರೇನ್ರಿ?"

"ಹೂಂ ಅಕ್ಕಾರ."

"ಹಂಗಾರ ಇನ್ನ ನಾ ಏನೂ ಹೇಳೂದು ಬ್ಯಾಡ ಬಿಡ್ರಿ" ಎಂದು ನಕ್ಕಳು.

ಮುಂದಿನ ವಾರ ಅದೇ ಮಾದರಿಯ ಹೊಸ ಗಾಡಿ ಒಯ್ಯಲು ಬಂದರು. ಲಿಂಬೆಹಣ್ಣು, ಕಾಯಿ ಎಲ್ಲ ಆಯಿತು. ನಾನು ಕೀಲಿಯನ್ನು ಶಾಂತವ್ವನ ಕೈಗೆ ಕೊಟ್ಟೆ. ಆವತ್ತಿನಿಂದ ನಾನು ನಿವೃತ್ತನಾಗುವವರೆಗೂ ನಮ್ಮ ಶೋರೂಮಿನಲ್ಲಿ ಹಿಂದೆ ಕೂಡುವವರಿಗೂ ಟೆಸ್ಟ್ ರೈಡ್ ಆಗದೆ ಗಾಡಿ ಹೊರಗೆ ಹೋಗಲಿಲ್ಲ. "ಏನ್ ಹುಚ್ಚರಿ ನಿಮಗ?" ಎಂದು ಮಾಲೀಕರು ಗೊಣಗಿದರು, ಗಿರಾಕಿಗಳು ಹೆಚ್ಚಿದ ಮೇಲೆ ಸುಮ್ಮನಾದರು.

ಆದರೆ ಪಾಠ ಪೂರ್ತಿ ತಲೆಗೆ ಹತ್ತಿದ್ದು ಚಚಡಿಯಲ್ಲಲ್ಲ. ಅದೇ ಶುಕ್ರವಾರ ಸಂಜೆ ಒಂದೇ ಬೂಟಿನಲ್ಲಿ ಮನೆಗೆ ಬಂದು, ಚಪಾತಿ ಲಟ್ಟಿಸುತ್ತಿದ್ದ ಸುಧಾಳನ್ನು ಕೇಳಿದೆ: "ಅಲ್ಲ, ನಮ್ಮ ಗಾಡಿ ಹಿಂದಿನ ಸೀಟು ಹ್ಯಾಂಗದ?"

ಅವಳ ಕೈ ನಿಂತಿತು. "ಇಷ್ಟು ವರ್ಷ ಆದಮ್ಯಾಲೆ ಕೇಳ್ಲಿಕ್ಕತ್ತೀರಾ? ಹೆದರಿಕಿ ಗಿದರಿಕಿ ಏನಿಲ್ಲ ನನಗ. ಸವದತ್ತಿ ಮುಟ್ಟೂದ್ರಾಗ ನಡಾ ಹಿಡೀತದ. ಹೇಳಿದ್ರ ಅದನ್ನೂ ಮಂದಿ ಮುಂದ ಹೇಳಿ ನಗತೀರಿ ಅಂತ ಬಸ್ಸಿಗೆ ಹೋಗ್ತಿದ್ದೆ."

ಮುಂದಿನ ಭಾನುವಾರ ಅವಳನ್ನು ಶೋರೂಮಿಗೆ ಕರೆದುಕೊಂಡು ಹೋದೆ. ಚಹಾ ತರಿಸಲಿಲ್ಲ. ಒಂದೊಂದೇ ಗಾಡಿಯ ಹಿಂದೆ ಅವಳನ್ನು ಕೂರಿಸಿಕೊಂಡು ಊರು ಸುತ್ತಿದೆ. ಆರನೆಯದಕ್ಕೆ "ಹೂಂ, ಇದು" ಎಂದಳು. ಆ ಗಾಡಿ ಇವತ್ತಿಗೂ ನಮ್ಮ ಮನೆಯ ಮುಂದೆ ನಿಂತಿದೆ. ಸವದತ್ತಿಯ ಬಸ್ಸು ಎಷ್ಟು ಗಂಟೆಗೆ ಎಂದು ಯಾರಾದರೂ ಕೇಳಿದರೆ ಸುಧಾ ಈಗ ನನ್ನ ಮುಖ ನೋಡುತ್ತಾಳೆ. ಅವಳಿಗೆ ಮರೆತು ಹೋಗಿದೆ.